ಗಣಪ್ಪನ ಹೆಸರಿನ ಫೈಲು

ಮೊನ್ನೆ ಕಪಾಟು ಒರೆಸುವಾಗ ಹಳೆಯ ಲ್ಯಾಪ್‌ಟಾಪ್ ಕೈಗೆ ಬಂತು. ದಸರೆಯ ಖಂಡೇಪೂಜೆಯಲ್ಲಿ ಹಚ್ಚಿದ ಅರಿಷಿಣ ಕೀಲಿಗಳ ಸಂದಿಯಲ್ಲಿ ಇನ್ನೂ ಇತ್ತು. ಸಂಶಿ ಊರಿನಲ್ಲಿ ನಮ್ಮ ಬಾಜೂ ಮನೆಯಲ್ಲಿದ್ದ ಅಕ್ಕೋರದು ಅದು. ಅವರು ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದದ್ದು. ಆ ಮಧ್ಯಾಹ್ನದ ಹೆದರಿಕೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಅಕ್ಕೋರು ತಮ್ಮ ತಾಯಿ ಹಾಡುತ್ತಿದ್ದ ಬೀಸುವ ಪದಗಳನ್ನು ಟೈಪ್ ಮಾಡಿಟ್ಟಿದ್ದರು. ಒಂದು ಪದಕ್ಕೆ ಒಂದು ಫೈಲು. ಫೋನಿನಲ್ಲಿ ದನಿ ಹಿಡಿಯಲು ಆ ಮುದುಕಿ ಸುತಾರಾಂ ಒಪ್ಪಿರಲಿಲ್ಲ. ಆಮೇಲೆ ಲಕ್ವಾ ಹೊಡೆದು ಆಕೆಯ ಮಾತೇ ನಿಂತುಹೋಯಿತು. ಪದಗಳು ಉಳಿದದ್ದು ಆ ಫೈಲುಗಳಲ್ಲಷ್ಟೇ.

ಪುಸ್ತಕ ಮಾಡಿಸೋಣವೆಂದರೆ ಹುಬ್ಬಳ್ಳಿಯ ಪ್ರೆಸ್ಸಿನವನು ಎಲ್ಲ ಸೇರಿಸಿ ಒಂದೇ ಫೈಲು ತನ್ನಿ ಎಂದ. ಅಕ್ಕೋರು ವಿಡಿಯೋ ನೋಡಿ ಉಪಾಯ ಕಲಿತರು. “ಬಾ ಯವ್ವಾ, ಬಾಜೂ ಕೂಡು. ಒಬ್ಬಾಕಿಗೆ ಅಂಜಿಕಿ ಬರ್ತೈತಿ” ಎಂದು ನನ್ನನ್ನು ಕರೆದರು. ಕರಿ ಪರದೆಯ ಮೇಲೆ ಫೈಲುಗಳನ್ನು ಜೋಡಿಸುವ ‘ಕ್ಯಾಟ್’ ಎಂಬ ಕಮಾಂಡ್ ಹೊಡೆದು, ಫೈಲುಗಳ ಹೆಸರು ಸಾಲಾಗಿ ಬರೆದರು. ಮೊದಲನೆಯದು ಗಣಪ್ಪನ ಪದ. ಅದನ್ನು ಹಾಡದೆ ಬೀಸುವ ಕಲ್ಲಿಗೆ ಕಾಳು ಹಾಕುವ ರೂಢಿ ಆ ಮನೆಯಲ್ಲಿರಲಿಲ್ಲ. ಕೊನೆಗೆ, ಎಲ್ಲ ಸೇರಿದ ಫೈಲಿಗೆ ಹೆಸರು ಕೊಡಬೇಕು.

“ಗಣಪ್ಪಂದ ಇರ್ಲಿ. ಪುಸ್ತಕಕ್ಕೂ ಅವನ ಹೆಸರ ಮೊದಲ” ಎಂದು ಮೊದಲ ಫೈಲಿನ ಹೆಸರನ್ನೇ ಮತ್ತೆ ಹೊಡೆದು ಎಂಟರ್ ಒತ್ತಿದರು.

ಅದೇನೋ ಒಂದು ಸಾಲು ಇಂಗ್ಲಿಷ್ ಮೂಡಿತು. ತೆರೆದು ನೋಡಿದರೆ ಎರಡನೆಯ ಪದದಿಂದ ಶುರು! ಇದ್ದ ಫೈಲಿನ ಹೆಸರನ್ನೇ ಕೊಟ್ಟರೆ ಕಂಪ್ಯೂಟರು ಮೊದಲು ಅದನ್ನು ಬರಿದು ಮಾಡಿ, ಆಮೇಲೆ ಉಳಿದದ್ದನ್ನು ಅದಕ್ಕೆ ಸುರಿಯುತ್ತದಂತೆ... ನಮಗೇನು ಗೊತ್ತು? ವಿಘ್ನ ಕಳೆಯುವವನೇ ಮೊದಲು ಮಾಯವಾಗಿದ್ದ.

“ಇನ್ನೊಂದು ಕಾಪಿ ಐತೇನ್ರಿ ಅಕ್ಕೋರ?”

ಇರಲಿಲ್ಲ. ಒಳಕೋಣೆಯಲ್ಲಿ ಮಲಗಿದ್ದ ತಾಯಿಗೆ ಕೇಳಿಸೀತೆಂದು ಇಬ್ಬರೂ ದನಿಯೆತ್ತದೆ ಒಂದೊಂದೇ ಫೈಲು ತೆರೆದು ಹುಡುಕಿದೆವು. ನನಗಂತೂ ಎದ್ದು ಓಡಿಹೋಗಬೇಕೆನಿಸಿತು.

ಕಡೆಗೆ ಅಕ್ಕೋರು ಹಾಸಿಗೆಯ ಬದಿಗೆ ಕೂತು, ತಾಯಿಯ ಕೈ ತಮ್ಮ ಅಂಗೈಯಲ್ಲಿಟ್ಟುಕೊಂಡು, ನೆನಪಿದ್ದಷ್ಟು ಗಣಪ್ಪನ ಪದ ಹಾಡತೊಡಗಿದರು. ಮುದುಕಿಯ ಬೆರಳು ಮೆಲ್ಲಗೆ ತಾಳ ಹಾಕಿತು. ನಾನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿಕೊಳ್ಳುತ್ತ ಹೋದೆ. ಕೊನೆಯ ನುಡಿಯ ಸಾಲುಗಳಿಗೆ ಬಂದಾಗ ಬೆರಳು ನಿಂತಿತು. ಅಕ್ಕೋರು ಶಬ್ದ ಬದಲಿಸಿ ಹಾಡಿದರು. ಬೆರಳು ಅಲುಗಲಿಲ್ಲ. ಮತ್ತೊಮ್ಮೆ... ಇಲ್ಲ.

“ಯವ್ವಾ, ಹಿಂಗಲ್ಲೇನ್ಬೇ? ಮತ್ತ ಹೆಂಗ್ಬೇ?”

ಮುದುಕಿ ಮಗಳನ್ನೇ ನೋಡುತ್ತಿದ್ದಳು. ಆಕೆಗೆ ಗೊತ್ತಿತ್ತು, ಹೇಳಲಾಗುತ್ತಿರಲಿಲ್ಲ. ಆ ನೋಟಕ್ಕೆ ನಾನು ಹೆದರಿದಷ್ಟು ಯಾವುದಕ್ಕೂ ಹೆದರಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಆಕೆ ಹೋದಳು. ಅಕ್ಕೋರು ಪುಸ್ತಕ ಮಾಡಿಸಲೇ ಇಲ್ಲ.

ಮೊನ್ನೆ ಲ್ಯಾಪ್‌ಟಾಪ್ ಹಚ್ಚಿ ಆ ಪದ ತೆರೆದೆ. ಕೊನೆಯ ನುಡಿಯ ಜಾಗ ಖಾಲಿ. ಸುಮ್ಮನಿರಲಾಗದೆ ನನಗೆ ತೋಚಿದ ಒಂದು ನುಡಿ ಸೇರಿಸಿ ಹಾಡಿದೆ. ಸರಾಗವಾಗಿ ಮುಗಿಯಿತು. ಅದು ತಪ್ಪೆಂದು ಹೇಳಲು ಈಗ ಯಾರ ಬೆರಳೂ ಇಲ್ಲ.