ಪರವಾ ಸಂಜೆಯ ಕಾರ್ಯಕ್ರಮ

ನನ್ನ ಗೆಳತಿಯ ದನಿಯನ್ನು ನೀವೂ ಕೇಳಿರುತ್ತೀರಿ, ಮುಖ ಮಾತ್ರ ನೋಡಿರಲಾರಿರಿ. ಕನ್ನಡ ಬಾರದ ನಾಯಕಿಯರಿಗೆ ಸಿನಿಮಾದಲ್ಲಿ ಕಂಠದಾನ ಮಾಡುವುದು ಅವಳ ಕೆಲಸ. ಮೈಸೂರಿನ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳು. ನಾನು ತುಮಕೂರಿನ ಕಡೆಯಿಂದ ಶಾಲಾ ಮಾಸ್ತರಿಕೆಗೆಂದು ಮೂಡಲಗಿಗೆ ಬಂದ ಮೇಲೆ, ರಜೆ ಸಿಕ್ಕಾಗ ಗೋಕಾಕದ ಟಾಕೀಸಿಗೆ ಹೋಗಿ ಒಬ್ಬಳೇ ಕೂರುತ್ತಿದ್ದೆ. ಪರದೆಯ ಮೇಲೆ ಯಾರೋ ತುಟಿ ಅಲ್ಲಾಡಿಸುವಳು, ಮಾತಾಡುವವಳು ನನ್ನ ಗೆಳತಿ. ಕಥೆ ಹಾಳಾಗಿ ಹೋಗಲಿ, ಅಷ್ಟು ಕೇಳಿಸಿಕೊಂಡು ಬಸ್ಸು ಹತ್ತಿ ವಾಪಸು ಬರುತ್ತಿದ್ದೆ.

ಆ ಊರಿನವರು ಕೆಟ್ಟವರೆಂದು ನಾನು ಎಂದೂ ಹೇಳೆ. ಮೊದಲ ದಿನವೇ ರೊಟ್ಟಿ, ಪುಂಡಿಪಲ್ಲೆ ಕೊಟ್ಟು ಕಳಿಸಿದವರು. ಆದರೆ ಹೊಟ್ಟೆ ತುಂಬಿದವರಿಗೂ ಬೇಸರ ಎಂಬುದೊಂದು ಇರುತ್ತದಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಮರುದಿನ ಗಂಟೆ ಹೊಡೆಯುವವರೆಗೆ ನಾನು ಯಾರೊಂದಿಗೂ ಮಾತಾಡದೆ ಇದ್ದ ದಿನಗಳು ಎಷ್ಟೋ.

ಒಂದು ಸಂಜೆ ಮನೆಯೊಡತಿಯ ಫೋನಿಗೆ ಗೆಳತಿಯ ಕರೆ ಬಂತು, ಎತ್ತಿದ್ದು ನಾನೇ. ಮನೆಯೊಡತಿ ಜೈನರು, ತವರು ಕೊಲ್ಲಾಪುರದ ಕಡೆ. ನಾನಿದ್ದದ್ದು ಅವರ ಹಿತ್ತಿಲ ಕೋಣೆಯಲ್ಲಿ.

"ನಂಗೆ ಪ್ರಶಸ್ತಿ ಬಂತು ಕಣೇ! ಟಿವೀಲಿ ತೋರಿಸ್ತಾರಂತೆ" ಎಂದಳು ಗೆಳತಿ. "ಎಂದಾದ್ರೂ ವೇದಿಕೆ ಹತ್ತಿದ್ರೆ ನಿನ್ನ ಹೆಸರು ಹೇಳ್ತೀನಿ ಅಂದಿದ್ನಲ್ಲ? ಹೇಳಿದ್ನೋ ಇಲ್ವೋ, ನೀನೇ ನೋಡ್ಕೋ."

"ಯಾವತ್ತು ಹಾಕ್ತಾರೆ?"

"ಈ ತಿಂಗಳಲ್ಲೇ ಅಂದ್ರು. ಕತ್ತರಿ ಹಾಕದೆ ಇದ್ರೆ ಕಾಣಿಸ್ತೀನಿ" ಎಂದು ನಕ್ಕು ಫೋನಿಟ್ಟಳು.

ಅಂದಿನಿಂದ ನನ್ನ ಬೇಟೆ ಶುರುವಾಯಿತು. ವಾಚನಾಲಯಕ್ಕೆ ಪತ್ರಿಕೆ ಬರುವಷ್ಟರಲ್ಲಿ ಮಧ್ಯಾಹ್ನ. ಅದರಲ್ಲಿ ಪ್ರಶಸ್ತಿ ಕೊಟ್ಟ ಖಾಸಗಿ ಚಾನೆಲ್ಲಿನ ಪಾಲಿಗೆ 'ವಿಶೇಷ ಕಾರ್ಯಕ್ರಮ' ಎಂದಷ್ಟೇ ಅಚ್ಚಾಗಿರುತ್ತಿತ್ತು. ಯಾವುದು ವಿಶೇಷ, ಯಾರಿಗೆ ವಿಶೇಷ, ಹೇಳುವವರಿಲ್ಲ. ಆ ಚಾನೆಲ್ಲೂ ನಮ್ಮೂರಿಗೆ ಬರುತ್ತಿರಲಿಲ್ಲ; ಕೇಬಲ್ಲಿನವನನ್ನು ಕೇಳಿದರೆ, "ಆ ಚಾನೆಲ್ ಹಚ್ಚಬೇಕಂದ್ರ ಮರಾಠಿದೊಂದು ತಗೀಬೇಕಾಕ್ಕೈತ್ರಿ ಅಕ್ಕೋರ. ಮಂದಿ ನನ್ನ ಮನಿತನಕ ಜಗಳಕ್ಕ ಬರ್ತಾರ" ಎಂದ. ಅಕ್ಕೋರು ಎಂದರೆ ಅಲ್ಲಿ ಟೀಚರಮ್ಮ. ದೇವರು ಕೊಟ್ಟರೂ ಪೂಜಾರಿ ಕೊಡ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು; ಆದರೂ ನುಂಗಿಕೊಂಡು, ಅವನ ಮಗಳು ನನ್ನ ತರಗತಿಯಲ್ಲೇ ಇರುವುದನ್ನು ಮೆಲ್ಲಗೆ ನೆನಪಿಸಿದೆ. ಚಾನೆಲ್ ಬಂತು.

ಅಷ್ಟರಲ್ಲಿ ನನ್ನನ್ನು ಹುಕ್ಕೇರಿಗೆ ತರಬೇತಿಗೆ ಹಾಕಿದರು. ಅಲ್ಲಿ ನಾವು ಉಳಿದ ಕಡೆ ಟಿವಿ ಇರಲಿಲ್ಲ. ಕಾರ್ಯಕ್ರಮದ ಜಾಹೀರಾತು ಬಂದರೆ ದಿನ ನೋಡಿಡಿ ಎಂದು ಮನೆಯೊಡತಿಗೆ ಹೇಳಿ ಹೋಗಿದ್ದೆ. ಯಾಕೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ಹೆಸರು ಟಿವಿಯಲ್ಲಿ ಬರಬಹುದು ಎಂದು ಹೇಗೆ ಹೇಳುವುದು, ಬಾರದಿದ್ದರೆ?

ತರಬೇತಿ ಮುಗಿಯಲು ಎರಡು ದಿನವಿದ್ದಾಗ ಬೂತಿನಿಂದ ಫೋನು ಮಾಡಿದೆ.

"ಪ್ರಶಸ್ತಿ ಕಾರ್ಯಕ್ರಮ ಯಾವತ್ತಂತೆ, ಗೊತ್ತಾಯ್ತಾ?"

"ಅದು ಪರವಾ ಸಂಜೀಕರಿ ಅಕ್ಕೋರ. ಇಡ್ರಿ, ಒಲಿ ಮ್ಯಾಲ ಹಾಲ ಐತಿ."

ಪರವಾ ನನಗೆ ಗೊತ್ತಿದ್ದ ಮಾತು. "ಪರವಾ ನಳದ ನೀರ ಬರತೈತಿ" ಎಂದು ಅವರು ಅಂದರೆ ನಾಡಿದ್ದು ನೀರು ಬರುತ್ತಿತ್ತು. ನಾಡಿದ್ದು! ನಾನು ಊರು ಮುಟ್ಟುವ ದಿನವೇ. ಅಂದು ತರಬೇತಿಯಲ್ಲಿ ಏನು ಹೇಳಿಕೊಟ್ಟರೋ ಒಂದಕ್ಷರವೂ ತಲೆಗೆ ಹೋಗಲಿಲ್ಲ.

ಹೊರಟ ದಿನ ಬಸ್ಸು ಘೋಡಗೇರಿಯಲ್ಲಿ ನಿಂತು ನಿಂತು ಹೋದಾಗ ಡ್ರೈವರನಿಗೆ ಮನಸ್ಸಿನಲ್ಲೇ ಶಾಪ ಹಾಕಿದೆ. ಗೋಕಾಕದಲ್ಲಿ ಬಸ್ಸು ಬದಲಿಸುವಾಗ ಕರದಂಟು ಕೊಂಡೆ. ಅರಭಾವಿಯಲ್ಲಿ ಕಾಲೇಜು ಹುಡುಗಿಯರು ನಗುತ್ತಾ ಹತ್ತಿ ಒಬ್ಬರ ತೊಡೆಯ ಮೇಲೊಬ್ಬರು ಕೂತರು. ಅವರನ್ನು ನೋಡಿ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಮುಖ ತೊಳೆದು, ಇದ್ದುದರಲ್ಲಿ ಒಳ್ಳೆಯ ಸೀರೆಯುಟ್ಟು ಮನೆಯೊಡತಿಯ ಪಡಸಾಲೆಗೆ ಹೋದೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಮನೆ ಅದು. ಅವರು ಆಗಲೇ ಟಿವಿ ಮುಂದೆ ಅಡಿಕೆ ಕತ್ತರಿಸುತ್ತಾ ಕೂತಿದ್ದರು.

"ಏನ್ರಿ, ಇವತ್ತ ಹಬ್ಬ ಮಾಡೀರಿ?"

"ಪ್ರಶಸ್ತಿ ಕಾರ್ಯಕ್ರಮ ಇವತ್ತಲ್ವಾ?"

"ಅಯ್ಯ, ಅದು ಆಗಿಹೋತಲ್ರಿ! ನೀವು ಫೋನ್ ಮಾಡಿದಾಗ ಹೇಳಿದ್ನಲ್ಲ, ಪರವಾ ಅಂತ."

"ಪರವಾ ಅಂದ್ರೆ ನಾಡಿದ್ದು!"

"ನಾಡದೂ ಪರವಾನ, ಮೊನ್ನಿನೂ ಪರವಾನರಿ. ನಮ್ಮ ಮರಾಠಿಯೊಳಗ ಎರಡಕ್ಕೂ ಒಂದ ಮಾತು."

ಎರಡು ದಿನಕ್ಕೆ ಒಂದೇ ಮಾತಿಟ್ಟುಕೊಂಡು ಜಿಪುಣತನ ಮಾಡಿದ ಆ ಭಾಷೆಯ ಮೇಲೆ ಸಿಟ್ಟು ಬಂತು, ಅಂದು ಫೋನಿನ ಮಾತನ್ನು ಅರ್ಧಕ್ಕೇ ನಿಲ್ಲಿಸಿದ ಒಲೆಯ ಹಾಲಿನ ಮೇಲೂ ಬಂತು. ಆಮೇಲೆ, ದನಿ ಕೊಡುವವರಿಗೂ ಪ್ರಶಸ್ತಿ ಕೊಟ್ಟರೇ ಎಂದು ಕೇಳಿದೆ.

"ಹೌದ್ರಿ, ಒಬ್ಬಾಕಿ ಬಂದಿದ್ಲು. ಕೆಂಪನ್ನಾಕಿ. ಯಾರದೋ ಹೆಸರ ತಗದು, ಅಕಿ ಎಲ್ಲೇ ಇದ್ರೂ ನೋಡಾಕತ್ತಿರತಾಳ ಅಂದ್ಲು. ಕಣ್ಣಾಗ ನೀರ ಬಂದ್ವು ಪಾಪ."

"ಯಾರ ಹೆಸರು?"

ಅವರು ಅಡಕತ್ತರಿ ಕೆಳಗಿಟ್ಟು ಯೋಚಿಸಿದರು. "ನೆನಪ ಹಾರೇತ್ರಿ. ಯಾಕ, ಗುರ್ತಿನಾಕಿ ಏನ್ರಿ?"

ಗೆಳತಿಗೇ ಫೋನು ಮಾಡಿ ಕೇಳಬಹುದಿತ್ತು. ಆದರೆ ಅವಳು ಅಂದದ್ದು ಇನ್ನಾರದೋ ಹೆಸರಾಗಿದ್ದರೆ? ಅದು ಕೇಳಿ ತಿಳಿಯುವ ಮಾತಲ್ಲ. ನನ್ನ ಕಣ್ಣು ತುಂಬಿತ್ತು. ಮನೆಯೊಡತಿ ನನ್ನ ಮುಖವನ್ನು ನೋಡಿದರು. ಏನು ತಿಳಿದುಕೊಂಡರೋ, ಎದ್ದು ಬಂದು ಕೈ ಹಿಡಿದರು.

"ಅಕ್ಕೋರ, ಇಷ್ಟ ದಿವಸ ಆತು, ಕೇಳೇ ಇಲ್ಲ ನಾ. ನಿಮ್ಮ ಹೆಸರೇನ್ರಿ?"

ಹೇಳಿದೆ. ಅವರು ತಮ್ಮ ಬಾಯಲ್ಲಿ ಅದನ್ನು ಒಂದು ಸಲ ಅಂದು ನೋಡಿದರು, ನಿಧಾನವಾಗಿ. "ಇದ ಇರಬೇಕ್ರಿ" ಎಂದರು. ಖರೆಯೋ, ನನ್ನನ್ನು ಸಮಾಧಾನ ಮಾಡಲು ಅಂದರೋ ತಿಳಿಯಲಿಲ್ಲ.

"ಇನ್ನೊಂದ್ಸಲ ಹೇಳಿ" ಎಂದೆ. ಅವರು ಹೇಳಿದರು.