‘ಬೇಡ’ ಎನ್ನುವ ಹಾಡು

ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳದು ಹದಿನಾಲ್ಕು ವರ್ಷಗಳ ಕೆಲಸ. ವಾರ್ಡುಗಳಿಂದ ಬಂದ ಹಾಸುಬಟ್ಟೆಗಳನ್ನು ಬಿಸಿ ಉರುಳೆಗಳ ನಡುವೆ ತೂರಿಸಿ, ಆ ಬದಿಯಲ್ಲಿ ಹೊರಬಂದದ್ದನ್ನು ಮಡಚಿ ಇಡಬೇಕು. ಮೊದಲ ಸಲ ರ‍್ಯಾಪ್ ಹಾಡಲು ಬಂದಾಗ ಹೆಸರು ಕೇಳಿದವರಿಗೆ, ಇಸ್ತ್ರಿ ಮಾಡುವವಳು ಎಂದು ಬರೆದುಕೊಳ್ಳಿ ಎಂದಳು. ಅವರು ಅವಸರದಲ್ಲಿ ‘ಇಸ್ತ್ರಿ’ ಎಂದಷ್ಟೇ ಗೀಚಿದರು. ಪಕ್ಕದವನೊಬ್ಬ ಅದನ್ನು ‘ಸ್ತ್ರೀ’ ಎಂದು ತಿದ್ದಲು ಹೋದ. ಅದೂ ಸರಿ, ಇದೂ ಸರಿ ಎಂದು ಅವಳು ನಕ್ಕಳು. ಅಂದಿನಿಂದ ಎಲ್ಲರಿಗೂ ಅವಳು ಇಸ್ತ್ರಿ ಅಕ್ಕ.

ಹಾಡುವ ಜಾಗ ಟೈರ್ ಅಂಗಡಿಯೊಂದರ ನೆಲಮಾಳಿಗೆ. ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಐವತ್ತರವತ್ತು ಜನ ಹಳೆಯ ಟೈರುಗಳ ಮೇಲೆ ಕೂರುತ್ತಿದ್ದರು. ಬೀಟ್ ಹಾಕುತ್ತಿದ್ದವನು ಅಂಗಡಿಯ ಯಜಮಾನನೇ. ಅವನನ್ನು ಟೈರಣ್ಣ ಎನ್ನುತ್ತಿದ್ದರು. ತಾವು ನಿಜವಾದ ಅಂಡರ್‌ಗ್ರೌಂಡ್, ಇನ್ನೂ ಕೆಳಗೆ ಹೋದರೆ ನೀರು ಬರುತ್ತದೆ ಎಂಬುದು ಅವನ ಮಾಮೂಲಿ ತಮಾಷೆ.

ಒಂದು ದಿನ ಕೆಲಸದಲ್ಲಿ ಹಬೆಯ ಕೊಳವೆ ಸೋರಿ ಇಸ್ತ್ರಿಯ ಬಲಗೈ ಸುಟ್ಟಿತು. ಮೇಲ್ವಿಚಾರಕ ಬಂದು ಮೊದಲು ನೋಡಿದ್ದು ಬಟ್ಟೆ ಹಾಳಾಯಿತೇ ಎಂದು. ಆ ಭಾನುವಾರ ಅವಳು ಕಟ್ಟು ಕಟ್ಟಿದ ಕೈಯಲ್ಲೇ ಮೈಕು ಹಿಡಿದಳು.

“ನಿಮ್ಮ ಹಾಸಿಗೆ ಬೆಳ್ಳಗೆ, ನನ್ನ ಅಂಗೈ ಗುಳ್ಳೆ,
ಮಡಚಿಟ್ಟ ಮಾತೆಲ್ಲ ಬಿಚ್ತೀನಿ ಇಲ್ಲೇ.”

ಯಾರೋ ಅದನ್ನು ಫೋನಿನಲ್ಲಿ ಹಿಡಿದರು. ಹಾಡು ಊರೆಲ್ಲ ಸುತ್ತಿತು. ಸಂಗೀತ ಕಂಪನಿಯೊಂದು ಅವಳನ್ನು ಕರೆಸಿ, ಹೊಳಪು ಕೊಟ್ಟು, ನಡುವೆ ಕುಣಿಯುವಂಥ ಪಲ್ಲವಿ ಸೇರಿಸಿ ಬಿಡುಗಡೆ ಮಾಡಿತು. ಕ್ಷೌರದಂಗಡಿಯಲ್ಲೂ ಬಸ್ಸಿನಲ್ಲೂ ಅದೇ ಹಾಡು. ಆದರೆ ನೆಲಮಾಳಿಗೆಯವರ ಮುಖ ಊದಿಕೊಂಡಿತು. ಅಕ್ಕ ಮೇನ್‌ಸ್ಟ್ರೀಮ್ ಆದಳು, ಇನ್ನು ಅವಳ ಬಾಯಲ್ಲಿ ಬೆಂಕಿ ಇರುವುದಿಲ್ಲ ಎಂದು ಮಾತಾಡಿಕೊಂಡರು. ಎಲ್ಲರಿಗಿಂತ ಹೆಚ್ಚು ಮುನಿಸಿಕೊಂಡವನು ಅವಳ ಪ್ರತಿ ಸಾಲನ್ನೂ ಬಾಯಿಪಾಠ ಮಾಡಿದ್ದ ಒಬ್ಬ ಔಷಧಿ ಅಂಗಡಿಯವನು. ಇಸ್ತ್ರಿ ಯಾರಿಗೂ ಸಮಜಾಯಿಷಿ ಕೊಡಲಿಲ್ಲ. ಕೆಲಸವನ್ನೂ ಬಿಡಲಿಲ್ಲ, ಭಾನುವಾರವನ್ನೂ ತಪ್ಪಿಸಲಿಲ್ಲ.

ಅಷ್ಟರಲ್ಲಿ ಅವಳ ಅಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಅಮ್ಮನೂ ಅದೇ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಯಂತ್ರಗಳ ಸದ್ದಿಗಿಂತ ತನ್ನ ದನಿಯನ್ನು ಒಂದು ಪಟ್ಟು ಮೇಲಿಟ್ಟು ಮಾತಾಡುತ್ತಿದ್ದ ಮಾತಿನಮಲ್ಲಿ. ಈಗ ಬಲಗೈ ಸ್ವಾಧೀನ ತಪ್ಪಿ, ಬಾಯಲ್ಲಿ ಉಳಿದದ್ದು ಒಂದೇ ಪದ: ‘ಬೇಡ’. ಅನ್ನ ಬೇಕೇ ಎಂದರೆ ‘ಬೇಡ’ ಎನ್ನುತ್ತಲೇ ತಟ್ಟೆ ಮುಂದಕ್ಕೆ ಚಾಚುತ್ತಿದ್ದಳು. ಇಬ್ಬರೂ ನಗುತ್ತಿದ್ದರು, ಆಮೇಲೆ ಅಮ್ಮ ಗೋಡೆಯ ಕಡೆ ತಿರುಗುತ್ತಿದ್ದಳು.

ಮಾತು ಕಲಿಸುವ ವೈದ್ಯೆ ಮೇಜಿನ ಮೇಲೆ ತಾಳ ತಟ್ಟುತ್ತ ಪದ ಹೇಳಿಸಿ ನೋಡಿ ಎಂದರು. ತಾಳವೆಂದರೆ ಇಸ್ತ್ರಿಗೆ ಹೊಸತಲ್ಲ. ದಿನವೂ ಕೆಲಸ ಮುಗಿಸಿ ಬಂದು, ಅಡುಗೆಮನೆಯ ಮೇಜಿಗೆ ಅಮ್ಮನನ್ನು ಕೂರಿಸಿ, ಅವಳ ಎಡಗೈ ಹಿಡಿದು ತಟ್ಟಿಸಿದಳು. ಎರಡು ತಿಂಗಳಿಗೆ ‘ನೀರು’ ಬಂತು, ‘ಬಾ’ ಬಂತು. ಕೇಳಿದ ಪ್ರಶ್ನೆಗೆ ತಕ್ಕ ಜಾಗದಲ್ಲೇ ‘ಬೇಡ’ ಬೀಳತೊಡಗಿತು. ಹಾಗೆ ಹುಟ್ಟಿದ್ದು ಹೊಸ ಹಾಡು. ನಿಧಾನದ್ದು, ಬೈಗುಳವಿಲ್ಲದ್ದು, ಮಗಳು ಕೇಳುತ್ತ ಹೋಗುವುದು, ತಾಯಿ ಒಂದೇ ಪದದಲ್ಲಿ ಉತ್ತರಿಸುವುದು.

ಕಂಪನಿಯ ಅಧಿಕಾರಿ ಅದನ್ನು ಅರ್ಧ ಕೇಳಿ ನಿಲ್ಲಿಸಿದರು. ಜನ ಕಾಯುತ್ತಿರುವುದು ಸುಟ್ಟ ಕೈಯ ಹುಡುಗಿಗೆ, ಇನ್ನೊಂದು ಅಂಥದ್ದೇ ಕೊಡಿ ಎಂದರು. ಕೈ ವಾಸಿಯಾಗಿದೆ ಎಂದು ಹೇಳಿ ಅವಳು ಎದ್ದು ಬಂದಳು. ನೆಲಮಾಳಿಗೆಯವರಾದರೂ ಒಪ್ಪಿಯಾರು ಎಂದುಕೊಂಡರೆ, ಹೊಸ ಹಾಡಿನ ಸುದ್ದಿ ಮೊದಲೇ ಕೇಳಿದ್ದ ಔಷಧಿ ಅಂಗಡಿಯವನು ಮೆಟ್ಟಿಲ ಬಳಿಯೇ ಅಡ್ಡ ನಿಂತ.

“ಅಕ್ಕ, ನೀವು ಸಿಟ್ಟಲ್ಲಿ ಹಾಡಿದ್ರೇನೇ ನಮ್ಮೋರು ಅನ್ಸೋದು. ಅಮ್ಮ, ಮಗಳು, ಕಣ್ಣೀರು, ಇದೆಲ್ಲ ಟಿವಿಯೋರ ಕೆಲಸ.”

“ನನ್ನ ಸಿಟ್ಟು ನಿಮ್ಗೆ ಅಷ್ಟು ಬೇಕಾಗಿದ್ರೆ ನೀವೇ ಒಂದಿನ ಉರುಳೆ ಹತ್ರ ನಿಂತ್ಕೊಳ್ಳಿ, ತಾನಾಗೇ ಬರತ್ತೆ” ಎಂದಳು ಇಸ್ತ್ರಿ. “ನಾನು ಈಗ ಬದುಕ್ತಿರೋದನ್ನ ಹಾಡ್ತೀನಿ.”

ಮುಂದಿನ ಭಾನುವಾರ ಟೈರಣ್ಣನೂ ಇನ್ನೊಬ್ಬನೂ ಅಮ್ಮನನ್ನು ಕುರ್ಚಿ ಸಮೇತ ಎತ್ತಿ ಹದಿನೇಳು ಮೆಟ್ಟಿಲು ಇಳಿಸಿದರು. ಬೀಟ್ ಶುರುವಾಯಿತು. ನಿಧಾನವಾಯಿತು ಎಂದು ಹಿಂದಿನಿಂದ ಯಾರೋ ಗೊಣಗಿದರು.

“ಊರಿಗೆಲ್ಲ ಮಾತು ಹಂಚಿದ ಬಾಯಿಗೆ ಒಂದೇ ಪದ ಬಿಡ್ಲಾ?” ಎಂದಳು ಇಸ್ತ್ರಿ.

“ಬೇಡ” ಎಂದಳು ಅಮ್ಮ.

“ಹಣೆ ಹಣೆ ಚಚ್ಕೊಂಡು ಮೂಲೆ ಹಿಡೀಲಾ?”

“ಬೇಡ.”

“ಅವರು ಕೇಳಿದ್ದನ್ನೇ ಅಳೆದು ಕೊಡ್ಲಾ?”

ಅಮ್ಮನ ತುಟಿ ಅಲುಗಿತು. ಪದ ಬರಲಿಲ್ಲ. ಬೀಟ್ ಮುಂದೆ ಓಡಿತು. ಟೈರಣ್ಣ ಗಾಬರಿಯಾಗಿ ಸದ್ದು ನಿಲ್ಲಿಸಿದ. ಕೆಲವರು ಎದ್ದು ಮೆಟ್ಟಿಲು ಹತ್ತಿದರು. ಇಸ್ತ್ರಿ ತಾನೇ ಆ ಪದ ಹೇಳಿ ಹಾಡು ಮುಗಿಸಬಹುದಿತ್ತು. ಆದರೆ ಅವಳು ಹಾಗೆ ಮಾಡಲಿಲ್ಲ. ಅಮ್ಮನ ಎಡಗೈ ಪಕ್ಕ ಕೂತು, ಕುರ್ಚಿಯ ತೋಳಿನ ಮೇಲೆ ಮೆಲ್ಲಗೆ ತಟ್ಟುತ್ತ ಕಾದಳು. ಟೈರುಗಳ ಮೇಲೆ ಉಳಿದವರಲ್ಲಿ ಒಬ್ಬಳು ತೊಡೆ ತಟ್ಟತೊಡಗಿದಳು, ಆಮೇಲೆ ಇನ್ನಿಬ್ಬರು. ಎಷ್ಟೋ ಹೊತ್ತಿನ ಮೇಲೆ ‘ಬೇಡ’ ಬಿತ್ತು, ಗಟ್ಟಿಯಾಗಿ, ಹಳೆಯ ದನಿಯಲ್ಲಿ, ಯಂತ್ರದ ಸದ್ದನ್ನು ಮೀರಿಸುವ ಹಾಗೆ. ಅಲ್ಲಿಂದಲೇ ಹಾಡನ್ನು ಎತ್ತಿಕೊಂಡು ಇಸ್ತ್ರಿ ಕೊನೆಯ ಸಾಲಿನವರೆಗೂ ಹೋದಳು.

ಕಂಪನಿ ಮತ್ತೆ ಕರೆಯಲಿಲ್ಲ. ನೆಲಮಾಳಿಗೆಯಲ್ಲಿ ಜನ ಅರ್ಧಕ್ಕಿಳಿದರು. ಬದಲಿಗೆ ಬಟ್ಟೆ ವಿಭಾಗದ ಹೆಂಗಸರು ಮೂವರು ಬರತೊಡಗಿದರು; ಮಾತು ಕಲಿಸುವ ವೈದ್ಯೆ ಆ ಹಾಡನ್ನು ಬೇರೆ ರೋಗಿಗಳಿಗೆ ಕೇಳಿಸಲು ಒಯ್ದರು. ಅಮ್ಮನ ಬಾಯಲ್ಲಿ ಈಗ ಇಪ್ಪತ್ತೊಂದು ಪದಗಳಿವೆ. ಅವುಗಳಲ್ಲಿ ಒಂದು ಮೇಲ್ವಿಚಾರಕನಿಗೆ ಅವಳಿಟ್ಟಿದ್ದ ಅಡ್ಡಹೆಸರು. ಅದು ಮಾತ್ರ ಯಾರೂ ಹೇಳಿಕೊಡದೆ ಬಂತು.

ಮೂರು ತಿಂಗಳಾದ ಮೇಲೆ ಔಷಧಿ ಅಂಗಡಿಯವನು ಮತ್ತೆ ಮೆಟ್ಟಿಲಿಳಿದು ಬಂದ. ಆ ಹಾಡು ತನಗೆ ಇನ್ನೂ ಹಿಡಿಸಿಲ್ಲ ಎಂದು ನೇರವಾಗಿಯೇ ಹೇಳಿದ.

“ಹಿಡಿಸ್ಲೇಬೇಕು ಅಂತೇನಿಲ್ಲ” ಎಂದಳು ಇಸ್ತ್ರಿ. “ಹೊಸದೊಂದು ಬರ್ದಿದೀನಿ. ಕೂತ್ಕೊಂಡು ಕೇಳಿ.”

ಅವನು ಟೈರೊಂದನ್ನು ಎಳೆದುಕೊಂಡು ಕುಳಿತ.