ಸೇತುವೆಯ ಮೇಲೆ ಎರಡು ಲಾರಿ

ದೆವ್ವ, ಶಕುನ, ಮೈಮೇಲೆ ಬರುವುದು ಅಂದರೆ ಮೊದಲೆಲ್ಲ ನನಗೆ ನಗು ಬರುತ್ತಿತ್ತು. ಈಗ ನಗುವುದಿಲ್ಲ. ಹಾಗಂತ ನಂಬುತ್ತೇನೆ ಅಂತಲೂ ಅಲ್ಲ, ಸುಮ್ಮನಿರುತ್ತೇನೆ, ಅಷ್ಟೆ. ನಡೆದದ್ದನ್ನು ಹೇಳುತ್ತೇನೆ, ನೀವು ಏನು ಬೇಕಾದರೂ ಅಂದುಕೊಳ್ಳಿ.

ಗಣಿಗಾರಿಕೆಯ ಭರಾಟೆಯ ವರ್ಷಗಳು. ಬಳ್ಳಾರಿಯಲ್ಲಿ ಗುತ್ತಿಗೆದಾರರಿಗೆ ನಕ್ಷೆ ಬರೆದುಕೊಡುವ ಸಣ್ಣ ಆಫೀಸಿನಲ್ಲಿ ನನ್ನ ಕೆಲಸ. ಬೆಳಿಗ್ಗೆ ಒರೆಸಿದ ಮೇಜು ಮಧ್ಯಾಹ್ನಕ್ಕೆ ಅದಿರಿನ ದೂಳಿಗೆ ಕೆಂಪು. ಒರೆಸಿ ಒರೆಸಿ ಸಾಕಾಗಿ ಬಿಟ್ಟುಬಿಟ್ಟಿದ್ದೆ. ಆ ಮಳೆಗಾಲದಲ್ಲಿ ಮೋಕ ಊರಿನ ಆಚೆ ಹೊಳೆಯ ಹಳೇ ಸೇತುವೆ ಕುಸಿಯಿತು. ಹೊಸದಕ್ಕೆ ಅಂದಾಜು ನಕ್ಷೆ ಬರೆಯುವುದು ನನ್ನ ತಲೆಗೆ ಬಂತು. ತುಂಬಿದ ಹೊಳೆಗೆ ಇಳಿಯುವಂತಿರಲಿಲ್ಲ. ಕಂಪ್ಯೂಟರಿನಲ್ಲಿ, ಆಕಾಶದಿಂದ ತೆಗೆದ ಚಿತ್ರಗಳ ಭೂಪಟ ತೆರೆದು ಕೂತೆ. ಚಿತ್ರ ಅದಕ್ಕೂ ಹಿಂದಿನ ಬೇಸಿಗೆಯದು; ಮೂಲೆಯಲ್ಲಿ ತಾರೀಖೂ ಇತ್ತು. ಹೊಳೆ ತುಂಬ ಬರೀ ಮರಳು. ಸೇತುವೆ ಇಡಿಯಾಗಿತ್ತು, ಮೇಲೆ ಎರಡು ಲಾರಿ.

ಆಗಲೇ ಮಾಬೂಬಿ ಬಂದಳು. ಆಫೀಸು ಗುಡಿಸುವ ಫಾತಿಮಾಳ ತಂಗಿ, ದೇಶನೂರಿನವಳು. ಅವಳ ಗಂಡ ಕಾಸೀಮ ಅದಿರು ಲಾರಿಯ ಡ್ರೈವರ್. ಸೇತುವೆ ಬಿದ್ದ ದಿನದಿಂದ ಅವನೂ ಇಲ್ಲ, ಲಾರಿಯೂ ಇಲ್ಲ. ತೂಕ ಮಾಡುವ ಜಾಗ ತಪ್ಪಿಸಲು ಪರ್ಮಿಟ್‌ನಲ್ಲಿ ಒಂದು ದಾರಿ ಬರೆಸಿ, ಇನ್ನೊಂದು ದಾರಿ ಹಿಡಿಯುವುದು ಆಗ ಮಾಮೂಲು. ಕಾಸೀಮನ ಪರ್ಮಿಟ್‌ನಲ್ಲೂ ಈ ಸೇತುವೆಯ ದಾರಿ ಇರಲಿಲ್ಲ. ಹಾಗಾಗಿ ಮಾಲೀಕ, ಡ್ರೈವರ್ ಲಾರಿ ಕದ್ದು ಆಂಧ್ರಕ್ಕೆ ಓಡಿಹೋದ ಅಂದುಬಿಟ್ಟಿದ್ದ. ಊರೂ ಅದನ್ನೇ ನಂಬಿತ್ತು.

“ಅಣ್ಣಾರ, ನಾ ಇದ್ದತ್ ಕೂಡ್ಲೋ, ಇನ್ನೂ ದಾರಿ ನೋಡ್ಲೋ? ಅದೊಂದ ಹೇಳ್ರಿ,” ಅಂದಳು.

ಗಂಡ ಸತ್ತವರು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಕೂರುವುದಕ್ಕೆ ಇದ್ದತ್ ಅನ್ನುತ್ತಾರೆ. ಕೂರು ಅಂದರೆ ಗಂಡನನ್ನು ನಾನೇ ಸಾಯಿಸಿದಂತೆ. ಕಂಪ್ಯೂಟರಿನ ಪರದೆಯ ಕಡೆ ತಿರುಗಿದೆ. ಅವಳೂ ಬಗ್ಗಿ ನೋಡಿದಳು. ಮುಂದಿನ ಲಾರಿಯ ಮೇಲೆ ಬೆರಳಿಟ್ಟಳು.

“ಯಾ ಅಲ್ಲಾ! ಇದು ನಮ್ದ ರೀ! ತಾಡಪಾಲಿನ ಮ್ಯಾಲೆ ಹಸ್ರು ತೇಪಿ ನೋಡ್ರಿ. ನನ್ನ ಸೀರಿ ಹರದು ನಾನ ಹೊಲದೀನಿ.”

ಚಿತ್ರ ಹಿಗ್ಗಿಸಿದೆ. ಅದಿರಿಗೆ ಹೊದಿಸಿದ ಕಪ್ಪು ತಾಡಪಾಲಿನ ಮೇಲೆ ಹಸಿರು ಚೌಕ, ಒಂದು ಬದಿಗೆ ಹಳದಿ ಅಂಚು.

“ಯಾವಾಗ ಹೊಲಿದ್ಯವ್ವಾ?”

“ಅವ್ರು ಹೋದ ದಿನಾನ. ಮಳಿ ಹಿಡಕಂಡಿತ್ತಲ್ರೀ, ಅದಕ್ಕ.”

ಮೂಲೆಯ ತಾರೀಖು ಮತ್ತೆ ನೋಡಿದೆ. ಬೇಸಿಗೆಯದೇ. ಮಳೆಗಾಲದಲ್ಲಿ ಹೊಲಿದ ತೇಪೆ ಬೇಸಿಗೆಯ ಚಿತ್ರದಲ್ಲಿ ಹೇಗೆ ಬರಬೇಕು? ನಿಜ ಹೇಳುತ್ತೇನೆ, ಹೆದರಿದೆ. ಅವಳಿಗೆ ತಾರೀಖಿನ ಸುದ್ದಿ ಎತ್ತಲಿಲ್ಲ. ಒಂದು ಪ್ರಿಂಟ್ ತೆಗೆದು ಕೊಟ್ಟೆ, ಇನ್ನೊಂದು ಇಟ್ಟುಕೊಂಡೆ.

ನೀರು ಇಳಿದ ಮೇಲೆ ಅವಳ ಅಣ್ಣ ಆ ಪ್ರಿಂಟ್ ಹಿಡಿದು, ಮುರಿದ ಕಲ್ಲು ತೆಗೆಯುತ್ತಿದ್ದ ಜೆಸಿಬಿಯವನ ಕೈಕಾಲು ಹಿಡಿದನಂತೆ. ಚಿತ್ರದಲ್ಲಿ ಲಾರಿ ಇದ್ದದ್ದು ಮೂರನೇ ಕಂಬದ ಹತ್ತಿರ. ಅಲ್ಲೇ ಅಗೆದರು. ಮರಳಿನಡಿ ಲಾರಿ ಸಿಕ್ಕಿತು, ಒಳಗೆ ಕಾಸೀಮನೂ. ಹಸಿರು ತೇಪೆಯನ್ನು ನಾನೇ ಹೋಗಿ ನೋಡಿ ಬಂದೆ.

“ಅತ್ಲು ರೀ. ಆಮ್ಯಾಲೆ ಮಕ್ಕಂಡ್ಲು. ನಿದ್ದಿ ಮಾಡಿ ಎಷ್ಟ ದಿನ ಆಗಿತ್ತೋ,” ಅಂದಳು ಫಾತಿಮಾ. ಮಾಬೂಬಿ ಇದ್ದತ್ ಕೂತಳು. ಕಳ್ಳನ ಹೆಂಡತಿ ಅನ್ನುವ ಮಾತು ನಿಂತಿತು.

ತಾರೀಖು ತಪ್ಪಿದ್ದಿರಬಹುದು ಅನ್ನೋಣವೆಂದರೆ, ಚಿತ್ರದ ಹೊಳೆಯಲ್ಲಿ ಹನಿ ನೀರಿರಲಿಲ್ಲವಲ್ಲ. ಯೋಚಿಸಿ ಯೋಚಿಸಿ ದಣಿದಿದ್ದೇನೆ. ಭೂಪಟದಲ್ಲಿ ಚಿತ್ರ ಯಾವಾಗಲೋ ಬದಲಾಯಿತು. ನನ್ನ ಪ್ರಿಂಟ್ ಮಾತ್ರ ಡ್ರಾಯರಿನಲ್ಲಿದೆ.

ಅದರಲ್ಲಿ ಹಿಂದಿನ ಲಾರಿಯೂ ಇದೆ, ನೀಲಿ ತಾಡಪಾಲಿನದು. ತೇಪೆ ನೋಡಲು ಹೋದ ದಿನವೇ ಜೆಸಿಬಿಯವನಿಗೆ ತೋರಿಸಿದ್ದೆ. “ಅದನ್ನ ಕೇಳಾಕ ಯಾರೂ ಬಂದಿಲ್ಲಲ್ರೀ, ಬಿಡ್ರಿ,” ಅಂದ. ನನಗೂ ಸಾಕಾಗಿತ್ತು, ಬಿಟ್ಟೆ. ಈಗಲೂ ಆಫೀಸಿನ ಬಾಗಿಲಲ್ಲಿ ಗುರುತಿಲ್ಲದ ಹೆಂಗಸು ಬಂದು ನಿಂತರೆ ನನ್ನ ಕೈ ಡ್ರಾಯರಿನ ಕಡೆ ಹೋಗುತ್ತದೆ. ನೀಲಿ ತಾಡಪಾಲನ್ನು ಕೇಳಿಕೊಂಡು ಇದುವರೆಗೂ ಯಾರೂ ಬಂದಿಲ್ಲ.